ಪದಚರ್ಚೆ: ಕಾಲ್ಡೆರಾ ಅಂದರೆ ‘ಬಾಯಿ’ಯೇ?

ಪ್ರಶ್ನೆ: “ಸುಮಾತ್ರಾದ ತೋಬಾ ಸರೋವರವು ಅಗ್ನಿಪರ್ವತದ ಬಾಯಿ, ಉದ್ದ ಸುಮಾರು 100 ಕಿ.ಮೀ.” ತಿದ್ದಲು ಬಂದ ಲೇಖನದ ಸಾಲು ಇದು. ‘ಕಾಲ್ಡೆರಾ’ ಎಂಬ ಪದಕ್ಕೆ ಇಲ್ಲಿ ‘ಬಾಯಿ’ ಎಂದಿದೆ. ಹೊಂದುತ್ತದೆಯೇ? ಸೂಪರ್‌ವಾಲ್ಕೆನೋಗೆ ‘ಮಹಾ ಅಗ್ನಿಪರ್ವತ’ ಅನ್ನಬಹುದೇ?

ಉತ್ತರ: ಎರಡೂ ಬೇಡ. ಬಾಯಿ ಎಂದರೆ ಶಿಲಾರಸ ಉಗುಳುವ ತೂತು. ಅದು ಕ್ರೇಟರ್‌ಗೆ ಸರಿ. ಕಾಲ್ಡೆರಾ ಸಿಡಿದು ಆದದ್ದಲ್ಲ, ಕುಸಿದು ಆದದ್ದು. ನೆಲದಡಿ ಕೆಲವು ಕಿಲೋಮೀಟರ್ ಆಳದಲ್ಲಿ ಸಿಲಿಕಾ ಹೆಚ್ಚಿರುವ, ಅಂಟಂಟಾದ ಶಿಲಾರಸ ಸಾವಿರಾರು ವರ್ಷ ಶೇಖರವಾಗುತ್ತದೆ. ಮೇಲಿನ ಚಾವಣಿ ಬಿರುಕು ಬಿಟ್ಟು ಒತ್ತಡ ಇಳಿಯಿತೋ, ಶಿಲಾರಸದಲ್ಲಿ ಕರಗಿದ್ದ ನೀರಾವಿ ಮತ್ತಿತರ ಅನಿಲಗಳು ನೊರೆಯೆದ್ದು ಅದನ್ನು ಪುಡಿಪುಡಿ ಮಾಡಿ ಚಿಮ್ಮಿಸುತ್ತವೆ. ಒಳಗು ಬರಿದಾದಂತೆ ಚಾವಣಿ ಬಳೆಯಾಕಾರದ ಬಿರುಕುಗುಂಟ ಕೆಳಗಿಳಿದು, ಉಳಿದದ್ದನ್ನೂ ಹಿಂಡಿ ಹೊರಗಟ್ಟುತ್ತದೆ. ಆದ್ದರಿಂದ ನನ್ನ ಆಯ್ಕೆ ‘ಕುಸಿಗುಳಿ’.

ಸ್ಪ್ಯಾನಿಷ್‌ನಲ್ಲಿ ಕಾಲ್ಡೆರಾ ಎಂದರೆ ನಮ್ಮ ಕೊಪ್ಪರಿಗೆಯೇ. ಆದರೆ ‘ಕೊಪ್ಪರಿಗೆ’ ಆಕಾರವನ್ನಷ್ಟೇ ಹೇಳುತ್ತದೆ, ಕುಸಿತವನ್ನು ಹೇಳುವುದಿಲ್ಲ. ತಮಾಷೆಯೆಂದರೆ, ಈ ಹೆಸರನ್ನು ಭೂವಿಜ್ಞಾನಕ್ಕೆ ಕೊಟ್ಟ ಸ್ಪೇನಿನ ಲಾ ಪಾಲ್ಮಾ ದ್ವೀಪದ ತಬುರಿಯೆಂತೆ ಎಂಬ ದೊಡ್ಡ ತಗ್ಗು ಆಗಿದ್ದು ಭೂಕುಸಿತ ಮತ್ತು ಸವಕಳಿಯಿಂದ. ಈಗಿನ ಅರ್ಥದಲ್ಲಿ ಅದು ಕಾಲ್ಡೆರಾವೇ ಅಲ್ಲ!

‘ಪರ್ವತ’ವಂತೂ ಓದುಗರ ದಾರಿ ತಪ್ಪಿಸುತ್ತದೆ. ತೋಬಾ ಇರುವುದು ಸರೋವರವಾಗಿ, ಅಮೆರಿಕದ ಯೆಲ್ಲೊಸ್ಟೋನ್ ಕಾಡು ತುಂಬಿದ ಪ್ರಸ್ಥಭೂಮಿಯಾಗಿ. ಸೂಪರ್‌ವಾಲ್ಕೆನೋಗೆ ‘ಮಹಾಜ್ವಾಲಾಮುಖಿ’ ಎನ್ನಿ. ಆದರೆ ಒಂದೇ ಸ್ಫೋಟದಲ್ಲಿ 1000 ಘನ ಕಿ.ಮೀ.ಗಿಂತ ಹೆಚ್ಚು ಬೂದಿ, ಕಲ್ಲು ಕಾರಿದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. 1816ರಲ್ಲಿ ಯುರೋಪಿಗೆ ಬೇಸಿಗೆಯೇ ಇಲ್ಲದಂತೆ ಮಾಡಿದ 1815ರ ಇಂಡೋನೇಷ್ಯಾದ ತಂಬೋರಾ ಸ್ಫೋಟ ಕೂಡ ಈ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಬ್ಬರ ಉತ್ತರ: ಅದೇ ಲೇಖನದಲ್ಲಿ ‘ಬೂದಿ’ ಎಂದಿದ್ದರೆ ಅಲ್ಲೊಂದು ವಿವರಣೆ ಸೇರಿಸಿ. ಅದು ಸುಟ್ಟು ಉಳಿದದ್ದಲ್ಲ; 2 ಮಿ.ಮೀ.ಗಿಂತ ಸಣ್ಣ ಗಾಜು, ಕಲ್ಲುಗಳ ಚೂರು. ನೀರಿನಲ್ಲಿ ಕರಗುವುದಿಲ್ಲ, ನೆನೆದರೆ ಭಾರವಾಗಿ ಸೂರು ಕುಸಿಯುತ್ತದೆ, ವಿಮಾನದ ಎಂಜಿನ್ ಹೊಕ್ಕರೆ ಕರಗಿ ಒಳಗೆ ಮೆತ್ತಿಕೊಳ್ಳುತ್ತದೆ. “ಬೂದಿ ವರ್ಷಗಟ್ಟಲೆ ಸೂರ್ಯನನ್ನು ಮರೆಮಾಡಿತು” ಎಂಬ ವಾಕ್ಯ ಕಂಡರೆ ಹೊಡೆದುಹಾಕಿ. ಬೂದಿಯ ಬಹುಪಾಲು ದಿನಗಳಲ್ಲಿ, ವಾರಗಳಲ್ಲಿ ಕೆಳಗಿಳಿಯುತ್ತದೆ. ಭೂಮಿಯನ್ನು ಕೆಲವು ವರ್ಷ ತಂಪಾಗಿಡುವುದು ಗಂಧಕದ ಡೈಆಕ್ಸೈಡ್‌ನಿಂದ ವಾಯುಮಂಡಲದ ಮೇಲ್‌ಸ್ತರದಲ್ಲಿ ಹುಟ್ಟುವ ಆಮ್ಲದ ಹನಿಗಳು.

ಸುಮಾರು 74,000 ವರ್ಷದ ಹಿಂದಿನ ತೋಬಾ ಬೂದಿ ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ದಪ್ಪ ಪದರವಾಗಿ ಸಿಕ್ಕಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರೂ ಇದ್ದ ತಂಡ ಅಲ್ಲಿ ಅಗೆದು, ಪದರದ ಕೆಳಗೂ ಮೇಲೂ ಒಂದೇ ಬಗೆಯ ಕಲ್ಲಿನ ಹತಾರಗಳನ್ನು ಕಂಡಿತು. ಅಂದರೆ ಅಲ್ಲಿನ ಜನ ಬದುಕುಳಿದಿರಬಹುದು. ಹಾಗಾಗಿ “ತೋಬಾ ಮನುಕುಲವನ್ನು ಅಳಿವಿನಂಚಿಗೆ ತಳ್ಳಿತು” ಎಂಬ ಸಾಲಿಗೂ ಒಂದು ‘ಎಂಬ ವಾದವಿದೆ’ ಬೇಕು. ಊರಿನ ಹೆಸರಿಗೂ ಬೂದಿಗೂ ನಂಟು ಕಲ್ಪಿಸಬೇಡಿ, ಅದು ಬರೀ ಕಾಕತಾಳೀಯ.