ಸಣ್ಣ ವಿಮಾನದಲ್ಲಿ ನಮ್ಮದೇ ದಾಖಲೆ: ಯಾವುದರ ಬೆನ್ನು ಹತ್ತಬೇಕು?

ರಾಯಚೂರಿನಿಂದ ಪ್ರಶ್ನೆ: ಪಿಪಿಎಲ್ (ಖಾಸಗಿ ಪೈಲಟ್ ಲೈಸೆನ್ಸ್) ಬಂದು ಒಂದು ವರ್ಷ ಆಯ್ತು. ಒಟ್ಟು 70 ಗಂಟೆ ಹಾರಿದ್ದೇನೆ, ಎಲ್ಲ ಬಾಡಿಗೆ ಸೆಸ್ನಾ 172ರಲ್ಲಿ. ಸುಮ್ನೆ ಏರಿ ಸುತ್ತಿ ಇಳಿಯುವುದು ಬೇಜಾರಾಗಿದೆ. ಅತಿ ದೂರ, ಅತಿ ಎತ್ತರ, ಅತಿ ವೇಗ ಅಂತ ನನ್ನದೇ ದಾಖಲೆ ಇಟ್ಟುಕೊಳ್ಳೋಣ ಅನ್ನಿಸಿದೆ. ನೀವೆಲ್ಲ ಏನು ಮಾಡಿದ್ದೀರಿ?

ಬಳ್ಳಾರಿಯಿಂದ: ವೇಗ ಬಿಟ್ಟುಬಿಡಿ ಸರ್. ಅದು ಗಾಳಿಯ ದಾಖಲೆ, ನಿಮ್ಮದಲ್ಲ. ಮಳೆಗಾಲದ ಪಡುವಣ ಗಾಳಿ ಬೆನ್ನಿಗಿದ್ದರೆ 110 ನಾಟ್ (ಗಂಟೆಗೆ ಸುಮಾರು 200 ಕಿ.ಮೀ.) ವಿಮಾನವೂ ಜಿಪಿಎಸ್‌ನಲ್ಲಿ 135 ತೋರಿಸುತ್ತದೆ. ನಾನೂ ಫೋಟೋ ತೆಗೆದು ಮನೆಯವರಿಗೆಲ್ಲ ತೋರಿಸಿದ್ದೆ. ವಾಪಸ್ ಬರುವಾಗ ಅದೇ ಗಾಳಿ ಎದುರಿಗೆ, 85 ನಾಟ್. ಆ ಫೋಟೋ ಯಾರಿಗೂ ತೋರಿಸಿಲ್ಲ.

ದೂರದ ದಾಖಲೆಗೆ ಹೋಗಿ ಬುದ್ಧಿ ಕಲಿತೆ. ನಾನು ಹಾರಿಸುವ 172ರಲ್ಲಿ ಬಳಸಲು ಸಿಗುವ ಇಂಧನ ಸುಮಾರು 200 ಲೀಟರ್, ಗಂಟೆಗೆ 35 ಲೀಟರ್ ಅಂತ ಲೆಕ್ಕ ಹಾಕಿದರೆ ಐದೂವರೆ ಗಂಟೆ ದಾಟುತ್ತದೆ ಅಲ್ವಾ, ಹಾಗಾಗಿ ನಾಲ್ಕೂವರೆ ಗಂಟೆಯ ದಾರಿ ಹಾಕಿಕೊಂಡು ಧೈರ್ಯವಾಗಿ ಹೊರಟೆ. ಎದುರುಗಾಳಿಯಿಂದ ಅದು ಐದು ಗಂಟೆಯಾಯಿತು. ಮಿಕ್ಸ್ಚರ್ ಸರಿಯಾಗಿ ಲೀನ್ ಮಾಡಿರಲಿಲ್ಲ, ಅಂದರೆ ಗಾಳಿಗೆ ಬೆರೆಸುವ ಇಂಧನ ಕಡಿಮೆ ಮಾಡಿರಲಿಲ್ಲ, ಇಂಜಿನ್ ಹೆಚ್ಚು ಕುಡಿಯಿತು. ಅದು ಪೂರ್ತಿ ನನ್ನ ತಪ್ಪು. ಇಳಿದು ರೆಕ್ಕೆಯ ಪಕ್ಕ ಹತ್ತಿ, ರೆಕ್ಕೆಯೊಳಗಿನ ಟ್ಯಾಂಕಿನ ಮುಚ್ಚಳ ತೆಗೆದು ಅಳತೆ ಕಡ್ಡಿ ಇಳಿಸಿದರೆ ತುದಿಯಲ್ಲಿ ಒಂದು ಬೆರಳಗಲವೂ ಒದ್ದೆಯಿಲ್ಲ. ಆವ್‌ಗ್ಯಾಸ್ (ಸಣ್ಣ ವಿಮಾನದ ಪೆಟ್ರೋಲ್) ನೀಲಿ ಬಣ್ಣದ್ದು, ಬೇಗ ಆರುತ್ತದೆ. ನೋಡುತ್ತಿದ್ದ ಹಾಗೆ ಆ ನೀಲಿಯೂ ಹೋಯಿತು. ಸುಮ್ಮನೆ ರೆಕ್ಕೆ ಕೆಳಗೆ ಕೂತುಬಿಟ್ಟೆ.

ಈಗ ನನ್ನ ದಾಖಲೆಯೇ ಬೇರೆ. ಇಳಿದ ಮೇಲೆ ಟ್ಯಾಂಕ್ ತುಂಬಲು ಎಷ್ಟು ಲೀಟರ್ ಬೇಕು ಅಂತ ಹೊರಡುವ ಮೊದಲೇ ಚೀಟಿಯಲ್ಲಿ ಬರೆಯುತ್ತೇನೆ. ಇಲ್ಲಿವರೆಗಿನ ಚೊಕ್ಕ ಲೆಕ್ಕ, 2 ಲೀಟರ್ ವ್ಯತ್ಯಾಸ. ಇದರ ಮಜಾ ದೂರ ಹೋಗುವುದರಲ್ಲಿ ಇರಲಿಲ್ಲ.

ಗಂಗಾವತಿಯಿಂದ: ಎತ್ತರಕ್ಕೆ ಏಪ್ರಿಲ್-ಮೇ ಬೇಡವೇ ಬೇಡ. ಬಳ್ಳಾರಿ ಇರುವುದು ಸುಮಾರು 1,600 ಅಡಿಯಲ್ಲಿ, ಆದರೆ 42 ಡಿಗ್ರಿ ಬಿಸಿಲಿಗೆ ಗಾಳಿ ತೆಳುವಾಗಿ ಇಂಜಿನ್ನಿಗೂ ರೆಕ್ಕೆಗೂ ಅದು 5,000 ಅಡಿ ದಾಟಿದ ಹಾಗೆ. ರನ್‌ವೇ ಓಡುತ್ತಲೇ ಇರುತ್ತದೆ, ವಿಮಾನ ಏಳುವುದಿಲ್ಲ. ಡಿಸೆಂಬರ್ ಬೆಳಿಗ್ಗೆ ಹೋಗಿ, ಎಟಿಸಿಗೆ (ವಿಮಾನ ಸಂಚಾರ ನಿಯಂತ್ರಣದವರಿಗೆ) ಮೊದಲೇ ಹೇಳಿ. ನಾನು 9,500ಕ್ಕೆ ನಿಲ್ಲಿಸಿದೆ. 10,000 ದಾಟಿದರೆ ಆಕ್ಸಿಜನ್ ಬೇಕು. ಅದಿಲ್ಲದೆ ತಲೆ ಮಂಕಾಗುತ್ತದೆ, ಮಂಕಾಗಿದೆ ಅನ್ನುವುದು ನಮಗೇ ಗೊತ್ತಾಗುವುದಿಲ್ಲ.

ಸಿಂಧನೂರಿನಿಂದ: ನಮ್ಮ ಕಡೆಯದೇ ಒಂದು ದಾರಿ ಇದೆ ನೋಡಿ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಸ್ ಮಾತ್ ಎಂಬ ಸಣ್ಣ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮೇಲೆ ಮುಂಬೈಗೆ ಟಪಾಲು ತಂದರು. ಅಲ್ಲಿಂದ ಮುಂದೆ ಅವರ ಜೊತೆಗಾರ ಪೈಲಟ್ ನೆವಿಲ್ ವಿನ್ಸೆಂಟ್ ಆ ಟಪಾಲು ತೆಗೆದುಕೊಂಡು ಬಳ್ಳಾರಿಯಲ್ಲಿ ಇಳಿದು ಮದ್ರಾಸಿಗೆ ಹೋದರು. ಹೌದು, ನಮ್ಮ ಬಳ್ಳಾರಿ! ಜೆ.ಆರ್.ಡಿ. 1982ರಲ್ಲಿ, 78ನೇ ವಯಸ್ಸಿನಲ್ಲಿ ಕರಾಚಿ-ಮುಂಬೈ ಹಾರಾಟವನ್ನು ಮತ್ತೆ ಮಾಡಿದರು. ಬಳ್ಳಾರಿ-ಚೆನ್ನೈ ತುಂಡನ್ನು ನಿಮ್ಮ ಪಟ್ಟಿಗೆ ಹಾಕಿ. ಆದರೆ ಬಳ್ಳಾರಿ ಹತ್ತಿರ ತೋರಣಗಲ್ಲಿನಲ್ಲಿರುವ ವಿದ್ಯಾನಗರ ಖಾಸಗಿ ವಿಮಾನ ನಿಲ್ದಾಣ, ಅನುಮತಿಗೆ ಮುಂಚೆಯೇ ಓಡಾಡಬೇಕು.

ಬಳ್ಳಾರಿಯಿಂದ ಮತ್ತೆ: ಅತಿ ಹೆಚ್ಚು ಹೊತ್ತು ಹಾರುವ ಯೋಚನೆ ಇದ್ದರೆ ಹೇಳಿಬಿಡುತ್ತೇನೆ. 1958ರ ಡಿಸೆಂಬರಿನಲ್ಲಿ ಲಾಸ್ ವೇಗಸ್‌ನಿಂದ ಇಬ್ಬರು ಇದೇ 172ರಲ್ಲಿ ಏರಿದವರು ಇಳಿದದ್ದು 64 ದಿನ ಬಿಟ್ಟು. ಕೆಳಗೆ ಓಡುವ ಟ್ರಕ್ಕಿನಿಂದ ಪೈಪ್ ಎಳೆದುಕೊಂಡು ಪೆಟ್ರೋಲ್ ತುಂಬಿಸಿಕೊಳ್ಳುತ್ತಿದ್ದರು. ಅದನ್ನು ಮುರಿಯಲು ಹೋಗಬೇಡಿ.

ರಾಯಚೂರಿನಿಂದ: ಇಲ್ಲ ಅಣ್ಣ, ಚೀಟಿ ಆಟವೇ ಶುರು ಮಾಡುತ್ತೇನೆ. ಅಳತೆ ಕಡ್ಡಿ ಒಂದು ನಾನೇ ಕೊಳ್ಳಲಾ?

ಬಳ್ಳಾರಿಯಿಂದ: ಯಾವುದೋ ಕಡ್ಡಿ ತರಬೇಡಿ, ಟ್ಯಾಂಕ್ ಬದಲಾದರೆ ಗೆರೆಯೂ ಬದಲಾಗುತ್ತದೆ. ನೀವು ಹಾರಿಸುವ ವಿಮಾನಕ್ಕೇ ಗೆರೆ ಹಾಕಿರುವ ಕಡ್ಡಿ ಕ್ಲಬ್‌ನಲ್ಲಿ ಕೇಳಿ.