ಬ್ರೌನ್ ಶುಗರ್ ಚಟಕ್ಕೆ ಮಾತ್ರೆಯ ಚಿಕಿತ್ಸೆ: ಮುಂಬಯಿಯಲ್ಲಿ ಸರ್ಕಾರಿ ವಿಮೆಯಿಂದ ಸಿಗುವುದೇ?

ಡೊಂಬಿವಲಿಯ ಮಾವ

ಮಾನ್ಯರೇ, ನನ್ನ ಅಕ್ಕನ ಮಗನ ವಿಷಯದಲ್ಲಿ ತಿಳಿದವರ ಸಲಹೆ ಬೇಕಾಗಿದೆ. ಅವನಿಗೆ 26 ವರ್ಷ. ಕುಂದಾಪುರದ ಕಡೆಯಿಂದ ಬಂದು, ಮೊದಲು ಹೋಟೆಲಿನ ಗಲ್ಲೆಯಲ್ಲಿದ್ದು, ಈಗ ನಾಲ್ಕು ವರ್ಷಗಳಿಂದ ಭಿವಂಡಿಯ ಗೋದಾಮೊಂದರಲ್ಲಿ ದುಡಿಯುತ್ತಾ ನಮ್ಮ ಮನೆಯಲ್ಲಿಯೇ ಇದ್ದಾನೆ. ಕಪಾಟಿನ ಹಿಂದೆ ಸಿಗುತ್ತಿದ್ದ ಸುಟ್ಟ ಬೆಳ್ಳಿ ಕಾಗದದ ಚೂರುಗಳನ್ನು ಚಾಕೊಲೇಟಿನ ಹೊದಿಕೆಯೆಂದು ಭಾವಿಸಿ ನನ್ನ ಹೆಂಡತಿ ಎರಡು ತಿಂಗಳು ಗುಡಿಸಿ ಬಿಸಾಡಿದ್ದಳು. ಅವನು ಬ್ರೌನ್ ಶುಗರ್, ಅಂದರೆ ಕಲಬೆರಕೆ ಹೆರಾಯಿನ್, ಸೇದುತ್ತಿದ್ದಾನೆಂದು ತಿಳಿದದ್ದು ಆಮೇಲೆ. ಸೂಜಿ ಚುಚ್ಚಿಕೊಳ್ಳುವ ಅಭ್ಯಾಸವಿಲ್ಲ. ಎರಡು ಸಲ ತಾನಾಗಿಯೇ ಬಿಡಲು ಪ್ರಯತ್ನಿಸಿದ. ಎರಡು ಸಲವೂ ಮೂರನೆಯ ದಿನ ವಾಂತಿ, ನಡುಕ, ಮೈಕೈ ನೋವು ತಡೆಯಲಾರದೆ ಹೊರಗೆ ಹೋಗಿಬಿಟ್ಟ.

ಇಲ್ಲಿಗೆ ಹತ್ತಿರದ ಖಾಸಗಿ ಕೇಂದ್ರವೊಂದರವರು ಮೂರು ತಿಂಗಳಿಗೆ 90,000 ರೂಪಾಯಿ ಮುಂಗಡ ಕೇಳುತ್ತಿದ್ದಾರೆ. ಔಷಧ ಕೊಡುವುದಿಲ್ಲ, ಮೊದಲ ತಿಂಗಳು ಮನೆಯವರು ಮಾತನಾಡುವಂತೆಯೂ ಇಲ್ಲ ಎನ್ನುತ್ತಾರೆ. ನಾಲಿಗೆಯ ಕೆಳಗೆ ಇಡುವ ಬ್ಯುಪ್ರೆನಾರ್ಫಿನ್ ಮಾತ್ರೆಯ ಬಗ್ಗೆ ಒಬ್ಬ ವೈದ್ಯರು ಹೇಳಿದರು. ಹುಡುಗನ ಪಡಿತರ ಚೀಟಿ ಇನ್ನೂ ಉಡುಪಿ ಜಿಲ್ಲೆಯದು. ಸಂಬಳದಲ್ಲಿ ನೌಕರರ ರಾಜ್ಯ ವಿಮೆಯಾದ ಇಎಸ್‌ಐಗೆ ಹಣ ಕಡಿತವಾಗುತ್ತದೆ. ಇವುಗಳಲ್ಲಿ ಯಾವುದರಿಂದ ಈ ಮಾತ್ರೆಯ ಖರ್ಚು ಭರಿಸಬಹುದು? ಇನ್ನೊಂದು ಮಾತು: ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸುತ್ತಾರೆ ಎಂದು ನನ್ನ ಭಾವನವರು ಬೇಡವೆನ್ನುತ್ತಿದ್ದಾರೆ. ಅದು ನಿಜವೇ?

ಠಾಣೆಯ ವಿಮಾ ಸಲಹೆಗಾರ

ಮಾನ್ಯರೇ, ವಿಮೆಯ ಭಾಗವನ್ನಷ್ಟೇ ಹೇಳುತ್ತೇನೆ. ಆಯುಷ್ಮಾನ್ ಭಾರತ್ ಆಗಲಿ, ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಾಗಲಿ, ಮೂಲತಃ ಆಸ್ಪತ್ರೆಗೆ ದಾಖಲಾದವರ ವೆಚ್ಚ ಭರಿಸಲು ಹುಟ್ಟಿದ ಯೋಜನೆಗಳು. ಆಯುಷ್ಮಾನ್ ಭಾರತದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ರಕ್ಷಣೆ ಇದ್ದು, ಮಾದಕ ವಸ್ತುಗಳಿಂದ ಉಂಟಾಗುವ ಮಾನಸಿಕ ತೊಂದರೆಗಳ ಒಳರೋಗಿ ಚಿಕಿತ್ಸೆಯೂ ಅದರ ಪಟ್ಟಿಯಲ್ಲಿ ಸೇರಿದೆ. ಆದರೆ ಬ್ಯುಪ್ರೆನಾರ್ಫಿನ್ ದಾಖಲಾಗಿ ಹತ್ತು ದಿನ ತೆಗೆದುಕೊಂಡು ಮುಗಿಸುವ ಔಷಧವಲ್ಲ, ತಿಂಗಳುಗಟ್ಟಲೆ ಹೊರರೋಗಿಯಾಗಿ ಪಡೆಯಬೇಕಾದದ್ದು. ಆ ಖರ್ಚನ್ನು ಕಾರ್ಡು ಭರಿಸದು. ಫುಲೆ ಯೋಜನೆಗೆ ಮಹಾರಾಷ್ಟ್ರದ ಪಡಿತರ ಚೀಟಿ ಅಥವಾ ವಾಸದ ದಾಖಲೆ ಬೇಕಾಗುವುದರಿಂದ ನಿಮ್ಮ ಹುಡುಗನಿಗೆ ಸದ್ಯಕ್ಕೆ ಅದೂ ದೂರ.

ಖಾಸಗಿ ಪಾಲಿಸಿ ತೆಗೆಯುವ ಯೋಚನೆಯಿದ್ದರೆ ಬಿಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನು ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೆ ಸೇರಿಸಿ, ಮಾನಸಿಕ ಅಸ್ವಸ್ಥತೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಇರಬೇಕೆಂದು 21ನೆಯ ಕಲಮಿನಲ್ಲಿ ಹೇಳಿದ್ದರೂ, ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಸಿದ್ಧಪಡಿಸಿದ ಸಾಮಾನ್ಯ ಹೊರತುಗಳ (ವಿಮೆ ಭರಿಸಬೇಕಿಲ್ಲದವುಗಳ) ಪಟ್ಟಿಯಲ್ಲಿ ಮದ್ಯ ಹಾಗೂ ಮಾದಕ ವಸ್ತುಗಳ ಚಟದ ಚಿಕಿತ್ಸೆ 12ನೆಯ ಹೊರತಾಗಿ ಕುಳಿತಿತು. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಂಡಂತೆ ಎಂದು ನನ್ನ ಗ್ರಾಹಕರು ಬೈಯುತ್ತಾರೆ, ಅವರ ಮಾತನ್ನು ನಾನು ಅಲ್ಲಗಳೆಯಲಾರೆ.

ನಿಮ್ಮ ಕೈಯಲ್ಲಿರುವ ಬೆಲೆಬಾಳುವ ಚೀಟಿ ಇಎಸ್‌ಐ. ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳ ಪಡೆಯುವವರಿಗೆ ಅನ್ವಯಿಸುವ ಈ ವಿಮೆಗೆ ನೌಕರನ ಪಾಲು ಶೇಕಡಾ 0.75, ಮಾಲೀಕನದು ಶೇಕಡಾ 3.25, ಅಂದರೆ 16,000 ಸಂಬಳವಿದ್ದರೆ ಹುಡುಗನಿಂದ ಹೋಗುವುದು 120 ರೂಪಾಯಿ. ಇದರ ವಿಶೇಷವೆಂದರೆ ಹೊರರೋಗಿ ಚಿಕಿತ್ಸೆ, ಪರೀಕ್ಷೆ, ಔಷಧ, ದಾಖಲಾತಿ ಎಲ್ಲವೂ ಒಳಗೊಂಡಿರುತ್ತದೆ. ಮೊದಲು ಅವನ ವಿಮಾ ಸಂಖ್ಯೆಯನ್ನು ಕೇಳಿ ಪಡೆಯಿರಿ. ಹಣ ಕಡಿತವಾಗುತ್ತಿದ್ದರೂ ತಮ್ಮ ಸಂಖ್ಯೆಯನ್ನೇ ತಿಳಿಯದ ಗೋದಾಮಿನ ಹುಡುಗರನ್ನು ನಾನು ಬಹಳ ಮಂದಿ ನೋಡಿದ್ದೇನೆ.

ಪರಳದ ಹಳೆಯ ಔಷಧ ವಿತರಕ

ನಗರಪಾಲಿಕೆಯ ಆಸ್ಪತ್ರೆಯ ಔಷಧ ವಿಭಾಗದಿಂದ ನಿವೃತ್ತನಾದವನು ನಾನು. ಮೇಲಿನ ವಿಮಾ ಲೆಕ್ಕವೆಲ್ಲ ಸರಿಯಾದದ್ದೇ. ಆದರೆ ಈ ಮಾತ್ರೆಗೆ ವಿಮೆಯ ಬಾಗಿಲಿನಿಂದಲೇ ಹೋಗಬೇಕೆಂದಿಲ್ಲ. ಬ್ಯುಪ್ರೆನಾರ್ಫಿನ್ ಬೀದಿಯ ಔಷಧದಂಗಡಿಯಲ್ಲಿ ಚೀಟಿ ತೋರಿಸಿ ಕೊಳ್ಳುವ ವಸ್ತುವಲ್ಲ. ಮಾನ್ಯತೆ ಪಡೆದ ಚಿಕಿತ್ಸಾ ಕೇಂದ್ರಗಳ ಮೂಲಕ ವಿತರಣೆಯಾಗುತ್ತದೆ. ಸರ್ಕಾರದ ಕೇಂದ್ರಗಳಲ್ಲಿ ಅದು ಉಚಿತ, ಕಾರ್ಡನ್ನು ಯಾರೂ ಕೇಳುವುದಿಲ್ಲ.

ಸರ್ಕಾರದ ವ್ಯವಸ್ಥೆಯಲ್ಲಿ ಎರಡು ದಾರಿಗಳಿವೆ, ಜನ ಅವೆರಡನ್ನೂ ಬೆರೆಸಿಬಿಡುತ್ತಾರೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಬದಲಿ ಔಷಧ ಕೇಂದ್ರಗಳು ಸೂಜಿಯಿಂದ ಎಚ್‌ಐವಿ ಹರಡದಿರಲೆಂದು ಹುಟ್ಟಿದವು, ಆದ್ದರಿಂದ ಚುಚ್ಚಿಕೊಳ್ಳುವವರಿಗಾಗಿ ಇವೆ. ಸೇದುವ ನಿಮ್ಮ ಹುಡುಗನನ್ನು ಅಲ್ಲಿಂದ ಹಿಂದೆ ಕಳುಹಿಸಿದರೆ ಮನಸ್ಸು ಮುರಿದುಕೊಳ್ಳಬೇಡಿ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯವು ಸರ್ಕಾರಿ ಆಸ್ಪತ್ರೆಗಳೊಳಗೆ ನಡೆಸುವ ವ್ಯಸನ ಚಿಕಿತ್ಸಾ ಘಟಕಗಳಲ್ಲಿ ಆ ಭೇದವಿಲ್ಲ. ಆ ಸಚಿವಾಲಯದ 14446 ಉಚಿತ ಸಹಾಯವಾಣಿಗೆ ಕರೆ ಮಾಡಿ, ಡೊಂಬಿವಲಿಗೆ ಹತ್ತಿರದ ಯಾವ ಘಟಕದಲ್ಲಿ ಬ್ಯುಪ್ರೆನಾರ್ಫಿನ್ ಕೊಡುತ್ತಾರೆ ಎಂದು ಔಷಧದ ಹೆಸರು ಹಿಡಿದೇ ಕೇಳಿ. ಸುಮ್ಮನೆ ವ್ಯಸನಮುಕ್ತಿ ಕೇಂದ್ರ ಎಂದರೆ ಬರೀ ಉಪನ್ಯಾಸ ನೀಡುವ ಜಾಗದ ವಿಳಾಸವೂ ಸಿಗಬಹುದು. ಸೆಂಟ್ರಲ್ ಮಾರ್ಗದಲ್ಲಿಯೇ ಶೀವದ ಲೋಕಮಾನ್ಯ ಟಿಳಕ್, ಪರಳದ ಕೆಇಎಂ, ಭಾಯಖಳದ ಜೆಜೆ ಆಸ್ಪತ್ರೆಗಳಿದ್ದು, ಎಲ್ಲದರಲ್ಲಿಯೂ ಮನೋವೈದ್ಯ ವಿಭಾಗವಿದೆ.

ನಿಮ್ಮ ಭಾವನವರ ಸಂದೇಹಕ್ಕೆ ಉತ್ತರ. ಬ್ಯುಪ್ರೆನಾರ್ಫಿನ್ ಸಹ ಅಫೀಮು ವರ್ಗದ್ದೇ, ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಮಿದುಳಿನಲ್ಲಿ ಹೆರಾಯಿನ್ ಕೂರುವ ಜಾಗದಲ್ಲಿ ಅದು ಗಟ್ಟಿಯಾಗಿ ಕೂತು, ಅರ್ಧದಷ್ಟೇ ಕೆಲಸ ಮಾಡುತ್ತದೆ. ಹಾಗಾಗಿ ನಡುಕವೂ ಇಲ್ಲ, ಅಮಲೂ ಇಲ್ಲ, ಮನುಷ್ಯ ಕೆಲಸಕ್ಕೆ ಹೋಗಿ ಬರುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನೂ ಮೆಥಡೋನನ್ನೂ 2005ರಲ್ಲಿಯೇ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ನನ್ನು ಭಾವನವರು ಚಟವೆನ್ನುತ್ತಾರೆಯೇ ಕೇಳಿ ನೋಡಿ.

ಯೆರವಡೆಯ ಅಣ್ಣ

ಪುಣೆಯಲ್ಲಿ ನನ್ನ ತಮ್ಮನ ಚಿಕಿತ್ಸೆ ಮೂರು ವರ್ಷಗಳಿಂದ ನಡೆದಿದೆ. ನಾವು ಮಾಡಿದ ಎರಡು ತಪ್ಪುಗಳನ್ನು ನೀವು ಮಾಡಬಾರದೆಂದು ಬರೆಯುತ್ತಿದ್ದೇನೆ. ಮೊದಲನೆಯದು, ಮೊದಲ ಮಾತ್ರೆಯ ದಿನ ಅವನು ಬೆಳಿಗ್ಗೆಯೇ ಸೇದಿದ್ದನ್ನು ಹೇಳದೆ ಮುಚ್ಚಿಟ್ಟ. ಹೆರಾಯಿನ್ ಮೈಯಲ್ಲಿರುವಾಗಲೇ ಈ ಮಾತ್ರೆ ಬಿದ್ದರೆ ಅದು ಹೆರಾಯಿನನ್ನು ತಳ್ಳಿ ತಾನು ಕೂರುವುದರಿಂದ, ನಾಲ್ಕು ದಿನದ ನರಳಾಟ ಅರ್ಧ ಗಂಟೆಯಲ್ಲಿ ಒಟ್ಟಿಗೇ ಎರಗುತ್ತದೆ. ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಅವನು ಬೆವರುತ್ತಾ ಉರುಳಾಡಿದ್ದನ್ನು ಕಂಡು ನಮ್ಮಮ್ಮ ಔಷಧವೇ ವಿಷವೆಂದು ತಿಳಿದು, ಮತ್ತೆ ಆರು ತಿಂಗಳು ಅತ್ತ ಸುಳಿಯಗೊಡಲಿಲ್ಲ. ಕೊನೆಯ ಸಲ ಸೇದಿ ಹನ್ನೆರಡು ಗಂಟೆಯಿಂದ ಒಂದು ದಿನ ಕಳೆದು, ಆಕಳಿಕೆ, ಮೂಗು ಸೋರುವಿಕೆ, ರೋಮಾಂಚ, ಹೊಟ್ಟೆ ನುಲಿತ ಶುರುವಾದ ಮೇಲೆಯೇ ಮೊದಲ ಮಾತ್ರೆ ಕೊಡುತ್ತಾರೆ. ಹುಡುಗ ವೈದ್ಯರಿಗೆ ಸುಳ್ಳು ಹೇಳದಂತೆ ನೀವು ಜೊತೆಗೇ ಇರಿ.

ಎರಡನೆಯದು, ಆಮೇಲೆ ನಾವು ಅವನನ್ನು ಔಷಧವಿಲ್ಲದ ಕೇಂದ್ರದಲ್ಲಿ ಮೂರು ತಿಂಗಳು ಇಟ್ಟೆವು. ಚೆನ್ನಾಗಿ ಮೈ ತುಂಬಿಕೊಂಡು ಬಂದ. ಮನೆಗೆ ಬಂದ ಎಂಟನೆಯ ದಿನ, ಹಿಂದೆ ಸೇದುತ್ತಿದ್ದಷ್ಟೇ ಸೇದಿ, ಉಸಿರು ನಿಲ್ಲುವ ಹಂತಕ್ಕೆ ಹೋದ. ಬಿಟ್ಟಿದ್ದ ದೇಹಕ್ಕೆ ಹಳೆಯ ಪ್ರಮಾಣ ತಡೆಯುವ ಶಕ್ತಿ ಇರುವುದಿಲ್ಲವೆಂದು ನಮಗೆ ಯಾರೂ ಹೇಳಿರಲಿಲ್ಲ. 90,000 ಕೇಳುತ್ತಿರುವವರನ್ನು, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯೇ ಎಂದು ದಯವಿಟ್ಟು ವಿಚಾರಿಸಿ. ನಿದ್ರೆಯ ಮಾತ್ರೆ ಅಥವಾ ಮದ್ಯವನ್ನು ಬ್ಯುಪ್ರೆನಾರ್ಫಿನ್ ಜೊತೆ ತೆಗೆದುಕೊಳ್ಳುವುದೂ ಉಸಿರಿಗೆ ಅಪಾಯಕಾರಿ.

ಪೊಲೀಸರ ಭಯವಿದ್ದರೆ ಒಂದು ಮಾಹಿತಿ: ಮಾದಕ ವಸ್ತುಗಳ ಕಾಯಿದೆಯ 64ಎ ಕಲಮಿನ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರಿ ಮಾನ್ಯತೆಯ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಇದೆ; ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಆ ರಕ್ಷಣೆಯನ್ನು ಹಿಂತೆಗೆಯಬಹುದು.

ಡೊಂಬಿವಲಿಯ ಮಾವ

ಎಲ್ಲರಿಗೂ ಕೃತಜ್ಞತೆಗಳು. 14446ಕ್ಕೆ ಕರೆ ಮಾಡಿ, ಅವರು ಹೇಳಿದ ಆಸ್ಪತ್ರೆಗೆ ಹೋದೆವು. ಕೇಸ್ ಪೇಪರಿಗೆ ಹತ್ತು ರೂಪಾಯಿ ಖರ್ಚಾಯಿತು. ಮೊದಲ ದಿನ ಹುಡುಗ ಆಕಳಿಸುತ್ತಾ, ಕಂಬಳಿ ಹೊದ್ದುಕೊಂಡೇ ಲೋಕಲ್ ಹತ್ತಿದ. ಮಾತ್ರೆ ನಾಲಿಗೆಯಡಿ ಕರಗಿ ಮುಕ್ಕಾಲು ಗಂಟೆಯಾದ ಮೇಲೆ ವಡಾಪಾವ್ ಬೇಕೆಂದ. ಈಗ ಹನ್ನೊಂದು ದಿನ. ಇಎಸ್‌ಐ ಸಂಖ್ಯೆಯೂ ಸಿಕ್ಕಿದೆ, ರಕ್ತ ಮತ್ತು ಯಕೃತ್ತಿನ ಪರೀಕ್ಷೆಗಳನ್ನು ಅಲ್ಲಿಯೇ ಮಾಡಿಸುತ್ತೇವೆ. ಒಂದೇ ತೊಡಕು: ಮಾತ್ರೆಯನ್ನು ದಿನವೂ ಎದುರಿಗೇ ನಾಲಿಗೆಯಡಿ ಇಡಿಸಿ ಕರಗಿಸುತ್ತಾರೆ, ಮುಂದಿನ ತಿಂಗಳು ಊರಿನಲ್ಲಿ ನಮ್ಮ ಮನೆಯ ನಾಗದರ್ಶನವಿದೆ, ಐದು ದಿನ ಹೋಗಿ ಬರಬೇಕು. ಅಕ್ಕ ಅಷ್ಟು ದಿನ ಮಾತ್ರೆ ನಿಲ್ಲಿಸಿದರಾಯಿತು ಎನ್ನುತ್ತಾಳೆ.

ಪರಳದ ಹಳೆಯ ಔಷಧ ವಿತರಕ

ನಿಲ್ಲಿಸಕೂಡದು. ದಿನಾಂಕವನ್ನು ಇಂದೇ ವೈದ್ಯರಿಗೆ ತಿಳಿಸಿ. ಸ್ಥಿರವಾಗಿರುವವರಿಗೆ ಮನೆಯವರ ಜವಾಬ್ದಾರಿಯ ಮೇಲೆ ಕೆಲವು ದಿನಗಳ ಮಾತ್ರೆಯನ್ನು ಕೈಗೆ ಕೊಡುವ ಪದ್ಧತಿ ಇದೆ. ಅದಕ್ಕೆ ಹೆಚ್ಚಾಗಿ ಅಫೀಮು ವರ್ಗದ ಪರಿಣಾಮವನ್ನು ತಡೆಯುವ ನಾಲಾಕ್ಸೋನ್ ಸೇರಿದ ಮಾತ್ರೆಯನ್ನು ಬಳಸುತ್ತಾರೆ, ಕರಗಿಸಿ ಚುಚ್ಚಿಕೊಂಡರೆ ನರಳಾಟ ತರುವುದರಿಂದ ಅದನ್ನು ಮಾರುವವರು ಕಡಿಮೆ. ಇಷ್ಟು ಬೇಗ ಕೊಡಲಾಗದೆಂದರೆ ಊರಿನ ಹತ್ತಿರದ ಕೇಂದ್ರಕ್ಕೆ ಪತ್ರ ಕೇಳಿ. ಮಾತ್ರೆಗಳು ಅವನ ಜೇಬಿನಲ್ಲಿ ಬೇಡ, ನಿಮ್ಮ ಪೆಟ್ಟಿಗೆಯಲ್ಲಿ, ಮಕ್ಕಳ ಕೈಗೆ ಎಟುಕದಂತೆ ಇರಲಿ, ಕೇಸ್ ಪೇಪರಿನ ಪ್ರತಿ ಜೊತೆಗಿರಲಿ.