ವಿಸೆಂಟರ್ ಇರುವ ಡಿಸ್ಟ್ರಿಬ್ಯೂಟೆಡ್ ಸ್ವಿಚ್ಚನ್ನೇ ಅಪ್‌ಗ್ರೇಡ್ ಮಾಡಬೇಕು, ಹೇಗೆ?

ಹುಬ್ಬಳ್ಳಿ_ಅಡ್ಮಿನ್
ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ವಿಎಂವೇರ್‌ನ ಆರು ಇಎಸ್‌ಎಕ್ಸ್‌ಐ ಹೋಸ್ಟ್ (ವಿಎಂ ಓಡಿಸುವ ಸರ್ವರ್) ಇವೆ, ಸುಮಾರು 140 ವಿಎಂ (ವರ್ಚುವಲ್ ಮೆಷಿನ್). ಇವನ್ನೆಲ್ಲ ಒಂದೇ ಕಡೆಯಿಂದ ನಿರ್ವಹಿಸುವ ವಿಸೆಂಟರ್ ಹೋದ ತಿಂಗಳು 8.0 ಆಯಿತು. ನಾಲ್ಕು ಹೋಸ್ಟ್ ಕೂಡ 8.0ಕ್ಕೆ ಬಂದಿವೆ, ಎರಡು ಇನ್ನೂ 7.0 ಅಪ್‌ಡೇಟ್ 3ರಲ್ಲಿವೆ. ಎಲ್ಲಾ ಹೋಸ್ಟ್‌ಗೂ ಹರಡಿರುವ ಡಿಸ್ಟ್ರಿಬ್ಯೂಟೆಡ್ ಸ್ವಿಚ್ (ಸಾಫ್ಟ್‌ವೇರ್ ನೆಟ್‌ವರ್ಕ್ ಸ್ವಿಚ್) ಮಾತ್ರ 7.0.0ದಲ್ಲೇ ಉಳಿದಿದೆ. ಪ್ರತಿ ಹೋಸ್ಟ್‌ಗೆ ಎರಡೇ ಅಪ್‌ಲಿಂಕ್ (ಹೊರಗಿನ ಫಿಸಿಕಲ್ ಸ್ವಿಚ್‌ಗೆ ಹೋಗುವ ಕೊಂಡಿ). ಮ್ಯಾನೇಜ್‌ಮೆಂಟ್, ವಿಮೋಷನ್ (ಓಡುತ್ತಿರುವ ವಿಎಂ ಬೇರೆ ಹೋಸ್ಟ್‌ಗೆ ಸಾಗಿಸುವುದು), ಸ್ಟೋರೇಜ್ ಎಲ್ಲಾ ಆ ಸ್ವಿಚ್ ಮೇಲೆಯೇ ಓಡುತ್ತಿವೆ. ವಿಸೆಂಟರ್ ವಿಎಂ ಇರುವುದೂ ಅದೇ ಸ್ವಿಚ್‌ನಲ್ಲಿ. ವಿಸೆಂಟರ್‌ನ ಸ್ನ್ಯಾಪ್‌ಶಾಟ್ (ಈಗಿನ ಸ್ಥಿತಿಯ ನಕಲು) ತೆಗೆದುಕೊಂಡು ಹಗಲಲ್ಲೇ ಅಪ್‌ಗ್ರೇಡ್ ಒತ್ತಬಹುದಾ? ಒಬ್ಬನೇ ನೋಡಿಕೊಳ್ಳುತ್ತಿದ್ದೇನೆ, ಸ್ವಲ್ಪ ಹೆದರಿಕೆ ಇದೆ.

ರ‍್ಯಾಕ್_ಪಕ್ಕದವನು
ಹಗಲಲ್ಲಿ ಬೇಡ ಸರ್. ಮೊದಲನೆಯದಾಗಿ, ಆ ಎರಡು ಹೋಸ್ಟ್ 7.0ದಲ್ಲಿ ಇರುವವರೆಗೂ ಸ್ವಿಚ್ 8.0.0ಕ್ಕೆ ಹೋಗುವುದೇ ಇಲ್ಲ. ವಿಸೆಂಟರ್ ಮೊದಲು, ಆಮೇಲೆ ಎಲ್ಲಾ ಹೋಸ್ಟ್, ಕೊನೆಗೆ ಸ್ವಿಚ್. ಇನ್ನೊಂದು ಮಾತು: ಸ್ವಿಚ್ ಒಮ್ಮೆ ಮೇಲೆ ಹೋದರೆ ಕೆಳಗೆ ಇಳಿಸುವ ದಾರಿ ಇಲ್ಲ. ಸ್ವಿಚ್‌ನ ಒಂದು ಭಾಗ ಪ್ರತಿ ಹೋಸ್ಟ್‌ನಲ್ಲೂ ಕೂತಿರುತ್ತದೆ. ಹಾಗಾಗಿ ವಿಸೆಂಟರ್ ಸ್ನ್ಯಾಪ್‌ಶಾಟ್ ನಂಬಿಕೊಂಡು ಕೂರಬೇಡಿ. ಸ್ವಿಚ್ ಮೇಲೆ ಬಲ ಕ್ಲಿಕ್ ಮಾಡಿ, ಪೋರ್ಟ್ ಗ್ರೂಪ್‌ಗಳನ್ನೂ (ಒಂದೇ ಸೆಟ್ಟಿಂಗ್ ಇರುವ ಪೋರ್ಟ್‌ಗಳ ಗುಂಪು) ಸೇರಿಸಿ ಕಾನ್ಫಿಗರೇಶನ್ ಎಕ್ಸ್‌ಪೋರ್ಟ್ ಮಾಡಿ. ಆ ಫೈಲನ್ನು ಈ ಕ್ಲಸ್ಟರ್‌ನ ಹೊರಗೆ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇಡಿ.

ಎಲ್ಲಕ್ಕಿಂತ ಮುಖ್ಯ, ವಿಸೆಂಟರ್‌ನ ವಿಎಲ್ಯಾನ್‌ನಲ್ಲೇ (ಒಂದೇ ತಂತಿಯಲ್ಲಿ ಬೇರ್ಪಡಿಸಿದ ನೆಟ್‌ವರ್ಕ್) ಇನ್ನೊಂದು ಪೋರ್ಟ್ ಗ್ರೂಪ್ ಮಾಡಿ, ಅದಕ್ಕೆ ಎಫೆಮೆರಲ್ ಬೈಂಡಿಂಗ್ ಕೊಡಿ, ಆಗ ವಿಸೆಂಟರ್ ಇಲ್ಲದಿದ್ದರೂ ಹೋಸ್ಟೇ ಪೋರ್ಟ್ ಕೊಡುತ್ತದೆ. ಮಾಮೂಲಿ ಸ್ಟ್ಯಾಟಿಕ್ ಬೈಂಡಿಂಗ್‌ನಲ್ಲಿ ಪೋರ್ಟ್ ಹಂಚುವುದು ವಿಸೆಂಟರ್. ಅದು ಬಿದ್ದರೂ ಓಡುತ್ತಿರುವ ವಿಎಂಗಳಿಗೆ ಏನೂ ಆಗುವುದಿಲ್ಲ. ಆದರೆ ವಿಸೆಂಟರೇ ಬಿದ್ದು, ಅದನ್ನು ಬ್ಯಾಕಪ್‌ನಿಂದ ಎತ್ತಿದರೆ ಅದಕ್ಕೆ ಪೋರ್ಟ್ ಕೊಡುವವರು ಯಾರು? ನನಗೆ ಹಿಂದಿನ ಕೆಲಸದಲ್ಲಿ ಇದೇ ಆಯಿತು. ಬೆಳಗಿನ ಜಾವ ಮೂರು ಗಂಟೆ. ವಿಸೆಂಟರ್ ರಿಸ್ಟೋರ್ ಆಗಿತ್ತು, ನೆಟ್‌ವರ್ಕ್ ಮಾತ್ರ ಇಲ್ಲ. ಒಂದು ಹೋಸ್ಟ್‌ನ ಒಂದು ಅಪ್‌ಲಿಂಕ್ ಕಿತ್ತು, ಅದರ ಮೇಲೆ ಸ್ಟ್ಯಾಂಡರ್ಡ್ ಸ್ವಿಚ್ ಕಟ್ಟಿ, ವಿಸೆಂಟರನ್ನು ಅಲ್ಲಿಗೆ ಸೇರಿಸುವಷ್ಟರಲ್ಲಿ ಬೆಳಕು ಹರಿದಿತ್ತು. ಆವತ್ತಿನಿಂದ ಎಫೆಮೆರಲ್ ಗ್ರೂಪ್ ಇಲ್ಲದ ಸ್ವಿಚ್ಚನ್ನು ನಾನು ಮುಟ್ಟುವುದಿಲ್ಲ.

ಅಪ್‌ಗ್ರೇಡ್ ಹೊತ್ತಲ್ಲಿ ಒಂದೆರಡು ಸೆಕೆಂಡ್ ಪ್ಯಾಕೆಟ್ ಹೋಗಬಹುದು ಅಂದುಕೊಂಡೇ ಸಮಯ ಕೇಳಿ. ಸ್ಟೋರೇಜ್ ಕೂಡ ಅದರ ಮೇಲೇ ಇದೆ ಅಲ್ವಾ, ಡೇಟಾಬೇಸ್ ನೋಡಿಕೊಳ್ಳುವವರಿಗೂ ಒಂದು ಮಾತು ಹೇಳಿಬಿಡಿ.

ಕೇಬಲ್_ಅಕ್ಕ
ಮೇಲಿನವರು ಹೇಳಿದ್ದು ಸರಿ. ನಾನಾದರೆ ಅದಕ್ಕೂ ಮೊದಲು ಅಪ್‌ಲಿಂಕ್ ನೋಡುತ್ತೇನೆ. ಎರಡು ಇವೆ ಅಂದರೆ ಎರಡೂ ಕೆಲಸ ಮಾಡುತ್ತಿವೆ ಅಂತಲ್ಲ. ಒಂದು ಹೋಸ್ಟನ್ನು ಮೇಂಟೆನೆನ್ಸ್ ಮೋಡ್‌ಗೆ ಹಾಕಿ (ವಿಎಂಗಳನ್ನು ಬೇರೆ ಹೋಸ್ಟ್‌ಗೆ ಕಳಿಸಿ ಖಾಲಿ ಮಾಡುವುದು). ಫಿಸಿಕಲ್ ಸ್ವಿಚ್‌ನಲ್ಲಿ ಅದರ ಒಂದು ಪೋರ್ಟ್ ಮುಚ್ಚಿ, ಎಲ್ಲಾ ವಿಎಲ್ಯಾನ್‌ಗೂ ಪಿಂಗ್ ಹೋಗುತ್ತದಾ ನೋಡಿ. ಆಮೇಲೆ ಅದನ್ನು ತೆರೆದು ಇನ್ನೊಂದನ್ನು ಮುಚ್ಚಿ. ಹೀಗೆ ಆರಕ್ಕೂ ಮಾಡಿ. ಸ್ಟೋರೇಜ್‌ಗೆ 9000 ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟ್‌ನಲ್ಲಿ) ಇಟ್ಟಿದ್ದರೆ ಸುಮ್ನೆ ಪಿಂಗ್ ಮಾಡಿದರೆ ಸಾಲದು. ವಿಎಂಕೆಪಿಂಗ್‌ನಲ್ಲಿ (ಹೋಸ್ಟ್‌ನಲ್ಲೇ ಇರುವ ಪಿಂಗ್ ಕಮಾಂಡ್) ಪ್ಯಾಕೆಟ್ ಒಡೆಯಬಾರದು ಅಂತ ಹೇಳಿ, 8972 ಬೈಟ್ ಕಳಿಸಿ. ಉಳಿದ 28 ಬೈಟ್ ಐಪಿ, ಐಸಿಎಂಪಿ ಹೆಡರ್‌ಗೆ ಹೋಗುತ್ತದೆ.

ಸ್ವಿಚ್‌ನ ಹೆಲ್ತ್ ಚೆಕ್ ಕೂಡ ವಿಎಲ್ಯಾನ್, ಎಂಟಿಯು ತಪ್ಪು ತೋರಿಸುತ್ತದೆ. ಕೆಲಸ ಮುಗಿದ ಮೇಲೆ ಆರಿಸಿಬಿಡಿ, ಅದು ಫಿಸಿಕಲ್ ಸ್ವಿಚ್‌ಗೆ ಮ್ಯಾಕ್ ವಿಳಾಸ ಜಾಸ್ತಿ ತುಂಬಿಸುತ್ತದೆ.

ಇನ್ನೊಂದು, ನಿಮಗೆ ಆತುರ ಏನಿದೆ? 8.0.0 ಸ್ವಿಚ್‌ನ ದೊಡ್ಡ ಲಾಭ ನೆಟ್‌ವರ್ಕ್ ಕೆಲಸವನ್ನು ಡಿಪಿಯು ಕಾರ್ಡ್‌ಗೆ (ತನ್ನದೇ ಪ್ರೊಸೆಸರ್ ಇರುವ ನೆಟ್‌ವರ್ಕ್ ಕಾರ್ಡ್) ದಾಟಿಸುವುದು. ಆ ಕಾರ್ಡ್ ಇಲ್ಲದಿದ್ದರೆ 7.0.0 ಇನ್ನೂ ಸ್ವಲ್ಪ ದಿನ ಇರಲಿ ಬಿಡಿ.

ಹುಬ್ಬಳ್ಳಿ_ಅಡ್ಮಿನ್
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ರಾತ್ರಿ ಕೂತು ಅಕ್ಕ ಹೇಳಿದ ಹಾಗೆ ಒಂದೊಂದೇ ಪೋರ್ಟ್ ಮುಚ್ಚಿ ನೋಡಿದೆ. ನಾಲ್ಕನೇ ಹೋಸ್ಟ್‌ನ ಎರಡನೇ ಅಪ್‌ಲಿಂಕ್‌ನಲ್ಲಿ ಸ್ಟೋರೇಜ್ ವಿಎಲ್ಯಾನೇ ಇರಲಿಲ್ಲ! ಫಿಸಿಕಲ್ ಸ್ವಿಚ್‌ನ ಟ್ರಂಕ್‌ಗೆ (ಹಲವು ವಿಎಲ್ಯಾನ್ ಸಾಗಿಸುವ ಪೋರ್ಟ್) ಸೇರಿಸುವುದು ಬಿಟ್ಟುಹೋಗಿತ್ತು. ಲಿಂಕ್ ದೀಪ ಹಸಿರಾಗೇ ಇತ್ತು, ಯಾರಿಗೂ ಗೊತ್ತಾಗಿರಲಿಲ್ಲ. ಅದನ್ನು ಸರಿ ಮಾಡಿ, 8972 ಪಿಂಗ್ ಆರೂ ಹೋಸ್ಟ್‌ನಿಂದ ನೋಡಿದೆ.

ಎಫೆಮೆರಲ್ ಗ್ರೂಪ್ ಮಾಡಿದ್ದೇನೆ, ಎಕ್ಸ್‌ಪೋರ್ಟ್ ಫೈಲ್ ಲ್ಯಾಪ್‌ಟಾಪ್‌ನಲ್ಲಿದೆ. ಸ್ವಿಚ್ ಅಪ್‌ಗ್ರೇಡ್ ಮಾತ್ರ ಮುಟ್ಟಿಲ್ಲ. ಉಳಿದ ಎರಡು ಹೋಸ್ಟ್ ಮುಂದಿನ ಭಾನುವಾರ.